ಯಂತ್ರದ ಪಕ್ಕದ ಕಾಗದ

(ಕುಪವಾಡದಲ್ಲಿ ಎಸ್ಟೇಟಿನ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ವಾರವೆಲ್ಲ ಪಾಳಿ ಮುಗಿಸಿ ದಣಿದ ನೀವು ಈ ಸಂಜೆ ಇಲ್ಲಿ ಕೂಡಿದ್ದೀರಿ. ಹಾಡಿನ ವಿಷಯವೋ ಕಥೆಯ ವಿಷಯವೋ ಮಾತಾಡಿದ್ದರೆ ನಿಮ್ಮ ದಣಿವು ಆರುತ್ತಿತ್ತೇನೋ. ಆದರೆ ನಾನು ಮಾತಾಡಬೇಕೆಂದಿರುವದು ಬಹಳ ಬೇಸರದ್ದೆಂದು ಹೆಸರಾದ ಒಂದು ಕೆಲಸದ ವಿಷಯ. ಆ ಕೆಲಸದಲ್ಲಿಯೂ ಸಂತೋಷವಿದೆ. ಆ ಸಂತೋಷ ಎಲ್ಲಿಂದ ಬರುತ್ತದೆ, ಅದಕ್ಕೂ ನಿಮ್ಮ ಕೈಬೆರಳುಗಳಿಗೂ ಏನು ಸಂಬಂಧ ಎಂಬದನ್ನು ಹೇಳುವದೇ ನನ್ನ ಉದ್ದೇಶ.

ಆ ಕೆಲಸವನ್ನು ಇಂಗ್ಲಿಷಿನವರು ಟೆಕ್ನಿಕಲ್ ರೈಟಿಂಗ್ ಅನ್ನುತ್ತಾರೆ. ನಾವು ತಾಂತ್ರಿಕ ಬರವಣಿಗೆ ಅನ್ನೋಣ. ಹೆಸರು ದೊಡ್ಡದು, ವಸ್ತು ಚಿಕ್ಕದು. ನಿಮ್ಮ ಪ್ರೆಸ್ ಯಂತ್ರದ ಪಕ್ಕದಲ್ಲಿ ಎಣ್ಣೆ ಮೆತ್ತಿಕೊಂಡು ತೂಗುವ ಹಾಳೆ, ಹೊಸ ಪಂಪಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಪುಸ್ತಿಕೆ, ಔಷಧದ ಡಬ್ಬಿಯೊಳಗಿನ ತೆಳು ಚೀಟಿ, ಸ್ವಿಚ್ ಬೋರ್ಡಿನ ಮೇಲಿನ ಎಚ್ಚರಿಕೆಯ ಮಾತು, ಇವೆಲ್ಲ ಅದೇ ಬರವಣಿಗೆ. ಇವುಗಳನ್ನು ಯಾರೋ ಕೂತು ಬರೆದಿದ್ದಾರೆ. ಬರೆದವರ ಹೆಸರು ಎಲ್ಲಿಯೂ ಇರುವದಿಲ್ಲ. ಅದನ್ನು ಓದಿ ಯಾರೂ ಚಪ್ಪಾಳೆ ತಟ್ಟುವದಿಲ್ಲ. ಚೆನ್ನಾಗಿ ಬರೆದಿದ್ದರೆ ಏನೂ ಆಗುವದಿಲ್ಲ. ಪಂಪು ಓಡುತ್ತದೆ, ಕೈ ಉಳಿಯುತ್ತದೆ, ಜನ ಮನೆಗೆ ಹೋಗುತ್ತಾರೆ. ಕೆಟ್ಟದಾಗಿ ಬರೆದಿದ್ದರೆ ಮಾತ್ರ ಏನಾದರೂ ಆಗುತ್ತದೆ.

ಇದೇ ಎಸ್ಟೇಟಿನ ಒಂದು ಕಾರಖಾನೆಯಲ್ಲಿ ನಾನು ಅನೇಕ ವರ್ಷ ಇಂಥ ಹಾಳೆಗಳನ್ನು ಬರೆದವನು. ಬೇಸರದ ಮಾತು ಸುಳ್ಳಲ್ಲ. ಹದಿನೇಳನೆಯ ಬೋಲ್ಟು ಎಷ್ಟು ಬಿಗಿಯಾಗಿರಬೇಕು, ಹದಿನೆಂಟನೆಯದು ಎಷ್ಟು ಬಿಗಿಯಾಗಿರಬೇಕು ಎಂದು ಬರೆಯಬೇಕು. ಒಂದು ಭಾಗ ಬದಲಾದರೆ ನಾಲ್ವತ್ತು ಹಾಳೆಗಳಲ್ಲಿ ಅದರ ಸಂಖ್ಯೆಯನ್ನು ತಿದ್ದಬೇಕು. ಒಂದೇ ವಸ್ತುವಿಗೆ ಒಂದೇ ಹೆಸರನ್ನು ಕೊನೆಯವರೆಗೆ ಇಟ್ಟುಕೊಳ್ಳಬೇಕು. ಕವಿಗಳ ಹಾಗೆ ಒಮ್ಮೆ ಕಮಲ, ಒಮ್ಮೆ ತಾವರೆ ಅನ್ನುವ ಹಾಗಿಲ್ಲ. ಮುಚ್ಚಳವೆಂದು ಶುರುಮಾಡಿದರೆ ಅದು ಕಡೆಯ ಪುಟದಲ್ಲಿಯೂ ಮುಚ್ಚಳವೇ ಆಗಿರಬೇಕು. ನಡುವೆ ಅದನ್ನು ಢಕ್ಕಣ ಎಂದರೆ, ಓದುವವನು ಅದು ಬೇರೆ ಏನೋ ಎಂದು ಹುಡುಕುತ್ತಾ ನಿಲ್ಲುತ್ತಾನೆ. ಹೀಗೆ ಮಾತಿನ ಚೆಂದವನ್ನೆಲ್ಲ ಬಿಟ್ಟು ಬರೆಯುವ ಕೆಲಸದಲ್ಲಿ ಸಂತೋಷ ಎಲ್ಲಿಂದ ಬರಬೇಕು?

ನಾನು ಕಂಡ ಮಟ್ಟಿಗೆ ಅದು ಮೂರು ಕಡೆಯಿಂದ ಬರುತ್ತದೆ. ಅದನ್ನು ಹೇಳುವ ಮೊದಲು ನಮ್ಮ ನೆರೆಯ ಒಂದು ಊರಿನ ಸಂಗತಿಯನ್ನು ನೆನೆಸೋಣ.

ನೆರೆಯ ಊರಿನ ನೇಗಿಲು

ಮೀರಜಿನಿಂದ ಪುಣೆಯ ಕಡೆಗೆ ರೈಲಿನಲ್ಲಿ ಹೋಗುವವರು ಕಿರ್ಲೋಸ್ಕರವಾಡಿಯನ್ನು ನೋಡಿದ್ದೀರಿ. ಅದನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಮೇವು ಕತ್ತರಿಸುವ ಯಂತ್ರ ಮಾಡಿ, ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಔಂಧ ಸಂಸ್ಥಾನದ ನೆಲದಲ್ಲಿ, ಕುಂಡಲ ರೋಡ್ ಸ್ಟೇಶನ್ನಿನ ಹತ್ತಿರ, ಕಳ್ಳಿ ಬೆಳೆದ ಬಂಜರು ಜಾಗದಲ್ಲಿ ಕಾರಖಾನೆಯನ್ನೂ ಊರನ್ನೂ ಎಬ್ಬಿಸಿದರು.

ಆ ಕಬ್ಬಿಣದ ನೇಗಿಲನ್ನು ರೈತರು ಕೂಡಲೇ ಕೊಳ್ಳಲಿಲ್ಲ. ಕಬ್ಬಿಣ ತಗಲಿದರೆ ಭೂಮಿಗೆ ವಿಷವಾಗುತ್ತದೆಂದು ಅಂಜಿದರು. ಮೊದಲ ನೇಗಿಲುಗಳನ್ನು ಮಾರಲಿಕ್ಕೆ ಎರಡು ವರ್ಷ ಹಿಡಿಯಿತೆಂದು ಆ ಮನೆತನದ ಇತಿಹಾಸ ಬರೆದವರು ಹೇಳುತ್ತಾರೆ. ವಸ್ತು ಒಳ್ಳೆಯದಿತ್ತು. ಆದರೆ ವಸ್ತುವಿನ ವಿಷಯ ಜನರಿಗೆ ತಿಳಿದಿರಲಿಲ್ಲ. ನೇಗಿಲನ್ನು ಎರಕ ಹೊಯ್ಯುವದು ಒಂದು ಕೆಲಸವಾದರೆ, ಅದನ್ನು ಹಿಡಿಯುವವನಿಗೆ ತಿಳಿಯುವ ಹಾಗೆ ಹೇಳುವದು ಇನ್ನೊಂದು ಕೆಲಸ. ಎರಡನೆಯದು ಆಗದಿದ್ದರೆ ಮೊದಲನೆಯದು ಗೋದಾಮಿನಲ್ಲಿ ತುಕ್ಕು ಹಿಡಿಯುತ್ತದೆ.

ಅದೇ ಕಿರ್ಲೋಸ್ಕರವಾಡಿಯಿಂದ 1920ರಲ್ಲಿ ಶಂಕರರಾವ್ ಕಿರ್ಲೋಸ್ಕರರ ಸಂಪಾದಕತ್ವದಲ್ಲಿ ‘ಕಿರ್ಲೋಸ್ಕರ್ ಖಬರ್’ ಎಂಬ ಚಿಕ್ಕ ಪತ್ರಿಕೆ ಹೊರಟಿತು. ಖಬರ್ ಎಂದರೆ ಸುದ್ದಿ, ಅಂದರೆ ಕಾರಖಾನೆಯ ಸುದ್ದಿ. ಮುಂದೆ ಅದೇ ಮರಾಠಿಯ ದೊಡ್ಡ ಮಾಸಪತ್ರಿಕೆಯಾಗಿ ಬೆಳೆಯಿತು. 1930ರಲ್ಲಿ ಅದರ ತಂಗಿಯ ಹಾಗೆ ‘ಸ್ತ್ರೀ’ ಎಂಬ ಪತ್ರಿಕೆಯೂ ಬಂತು. ಒಂದು ಭಾಷೆಯ ಹೆಸರಾಂತ ಪತ್ರಿಕೆಯ ಬೇರು ನೇಗಿಲು, ಪಂಪು, ಎರಕಗಳ ನಡುವೆ ಇತ್ತೆಂಬದನ್ನು ನಾವು ಮರೆಯಬಾರದು. ಆದದರಿಂದ ಕಾರಖಾನೆಯ ಕಾಗದವನ್ನು ಹೀನವೆಂದು ಎಣಿಸಬೇಡಿರಿ.

ಒಂದನೆಯ ಸಂತೋಷ: ತಿಳಿಯುವದು

ಮೊದಲನೆಯ ಸಂತೋಷ ತಿಳಿಯುವದರಲ್ಲಿದೆ. ಒಂದು ಕೆಲಸವನ್ನು ನಿತ್ಯ ಮಾಡುತ್ತಿರುವವನು ತನಗೆ ಅದು ಗೊತ್ತೆಂದು ತಿಳಿದಿರುತ್ತಾನೆ. ಅದನ್ನೇ ಬರೆದು ಕೊಡು ಎಂದರೆ ಮೂರನೆಯ ಸಾಲಿಗೆ ಕೈ ನಿಲ್ಲುತ್ತದೆ. ಮನೆಯ ತಾಯಂದಿರೇ, ನೀವೂ ಇದನ್ನು ಪರೀಕ್ಷಿಸಿ ನೋಡಬಹುದು. ಜೋಳದ ರೊಟ್ಟಿ ಬಡಿಯುವದನ್ನು, ಎಂದೂ ಬಡಿಯದವಳಿಗೆ ತಿಳಿಯುವ ಹಾಗೆ ಕಾಗದದ ಮೇಲೆ ಬರೆಯಿರಿ. ನೀರು ಎಷ್ಟು ಬಿಸಿ ಇರಬೇಕು? ಹಿಟ್ಟು ಸಾಕಷ್ಟು ನಾದಿದೆ ಎಂದು ಬೆರಳಿಗೆ ಹೇಗೆ ತಿಳಿಯುತ್ತದೆ? ಮೇಲೆ ನೀರು ಹಚ್ಚುವದು ಯಾವಾಗ, ಹೊರಳಿಸುವದು ಯಾವಾಗ? ನಿಮ್ಮ ಕೈಗೆ ಗೊತ್ತಿರುವ ಎಷ್ಟು ಸಂಗತಿ ನಿಮ್ಮ ಬಾಯಿಗೆ ಗೊತ್ತಿಲ್ಲವೆಂದು ಆಗ ಆಶ್ಚರ್ಯಪಡುವಿರಿ.

ಪಂಪಿನ ವಿಷಯ ಹೇಳುತ್ತೇನೆ. ಬಾವಿಯ ದಂಡೆಯ ಮೇಲೆ ಕೂರಿಸುವ ಸಾಧಾರಣ ಸೆಂಟ್ರಿಫ್ಯೂಗಲ್ ಪಂಪು ಗಾಳಿಯನ್ನು ಎಳೆಯಲಾರದು, ನೀರನ್ನು ಮಾತ್ರ ಎಳೆಯುತ್ತದೆ. ಹೀರು ಕೊಳವೆಯಲ್ಲಿ ಗಾಳಿ ಇದ್ದರೆ ಅದು ಬರಿದೇ ತಿರುಗುತ್ತದೆ. ಒಣಗಿ ತಿರುಗಿ ಸೀಲು ಸುಡುತ್ತದೆ. ಆದದರಿಂದ ಮೊದಲು ಪಂಪನ್ನೂ ಹೀರು ಕೊಳವೆಯನ್ನೂ ನೀರಿನಿಂದ ತುಂಬಬೇಕು, ಗಾಳಿಯ ಬಿರಡೆಯನ್ನು ತೆರೆದು ಗಾಳಿಯೆಲ್ಲ ಹೋಗಿ ನೀರು ಚಿಮ್ಮುವ ತನಕ ಕಾಯಬೇಕು. ಹೊರಗೆ ಬಿಡುವ ವಾಲ್ವನ್ನು ಮುಚ್ಚಿಟ್ಟು ಮೋಟಾರು ಶುರುಮಾಡಬೇಕು, ಯಾಕಂದರೆ ಆಗ ಮೋಟಾರಿನ ಮೇಲೆ ಭಾರ ಕಡಿಮೆ. ವೇಗ ಹಿಡಿದ ಮೇಲೆ ವಾಲ್ವನ್ನು ಮೆಲ್ಲಗೆ ತೆರೆಯಬೇಕು. ಮುಚ್ಚಿದ ಹಾಗೇ ಬಹಳ ಹೊತ್ತು ಬಿಟ್ಟರೆ ಒಳಗಿನ ನೀರು ಕಾದು ಕೇಡಾಗುತ್ತದೆ.

ಹಳೆಯ ಪುಸ್ತಿಕೆಯಲ್ಲಿ ಇದೆಲ್ಲವೂ ಅರ್ಧ ಪುಟದ ಒಂದೇ ವಾಕ್ಯದಲ್ಲಿತ್ತು. ಅದನ್ನು ಸರಿಮಾಡಲು ನಾನು ಜೋಡಣೆಯ ವಿಭಾಗಕ್ಕೆ ಹೋಗಿ, ಅಲ್ಲಿ ಬಹು ಕಾಲ ದುಡಿದ ಒಬ್ಬ ಹಿರಿಯರ ಪಕ್ಕದಲ್ಲಿ ನಿಂತೆ. ಜತ್ತದ ಕಡೆಯವರು, ಶಾಲೆಗೆ ಹೆಚ್ಚು ಹೋದವರಲ್ಲ. ಅವರು ಹೇಳಿದ್ದು ಇಷ್ಟೇ: ‘ಮೊದಲು ಪಂಪಿಗೆ ನೀರು ಕುಡಿಸಿರಿ. ಕುಡಿಯದೆ ಅದು ಕುಡಿಸಲಾರದು.’ ನಾನು ಆ ಮೊದಲ ವಾಕ್ಯವನ್ನೇ ಹಾಳೆಯ ಮೊದಲ ಸಾಲಾಗಿ ಬರೆದೆ. ನೋಡಿರಿ, ಬೇಸರದ ಕೆಲಸದ ನಡುವೆ ಅಂಥ ಒಂದು ಮಾತು ಸಿಕ್ಕಿದರೆ ಆ ದಿನವೆಲ್ಲ ಮನಸ್ಸು ಹಗುರವಾಗುತ್ತದೆ. ಆ ಸಾಲನ್ನು ಕೊಟ್ಟವರು ಆ ಹಿರಿಯರು, ನನ್ನದು ಕೈಬರಹ ಮಾತ್ರ. ಒಳ್ಳೆಯ ತಾಂತ್ರಿಕ ಬರವಣಿಗೆಯ ಅರ್ಧ ಪಾಲು ಯಾವಾಗಲೂ ಯಂತ್ರದ ಮುಂದೆ ನಿಂತವರದೇ.

ಎರಡನೆಯ ಸಂತೋಷ: ಮಾತಿನ ಜಾಗ

ಎರಡನೆಯದು, ಸರಿಯಾದ ಮಾತನ್ನು ಸರಿಯಾದ ಜಾಗದಲ್ಲಿ ಇಡುವ ಸಂತೋಷ. ಕುಕ್ಕರಿನ ಚೀಟಿಯಲ್ಲಿ ಹೀಗೆ ಬರೆದಿದೆ ಎಂದು ಎಣಿಸಿರಿ: ‘ಮುಚ್ಚಳ ತೆಗೆಯಿರಿ. ತೆಗೆಯುವ ಮೊದಲು ಆವಿ ಪೂರ್ತಿ ಇಳಿದಿದೆಯೋ ನೋಡಿರಿ.’ ಎರಡೂ ವಾಕ್ಯ ನಿಜ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಮೊದಲ ಸಾಲು ಓದಿದ ಮಗಳ ಕೈ ಆಗಲೇ ಮುಚ್ಚಳದ ಮೇಲೆ ಇರುತ್ತದೆ. ಎರಡನೆಯ ಸಾಲು ಬರುವದರೊಳಗೆ ಮುಖ ಸುಟ್ಟಿರುತ್ತದೆ. ಆದದರಿಂದ ಎಚ್ಚರಿಕೆ ಕೆಲಸಕ್ಕಿಂತ ಮೊದಲು ಬರಬೇಕು. ಎರಡು ಸಾಲುಗಳನ್ನು ಮೇಲೆ ಕೆಳಗೆ ಮಾಡಿದರಾಯಿತು, ಒಂದು ಅಕ್ಷರವನ್ನೂ ಹೆಚ್ಚು ಬರೆಯಬೇಕಾಗಿಲ್ಲ, ಒಂದು ಮುಖ ಉಳಿಯುತ್ತದೆ.

ಪವರ್ ಪ್ರೆಸ್ಸಿನಲ್ಲಿ ದುಡಿಯುವವರಿಗೆ ಇನ್ನೊಂದು ಉದಾಹರಣೆ. ‘ಯಂತ್ರವನ್ನು ನಿಲ್ಲಿಸಿ ಅಚ್ಚನ್ನು ಸ್ವಚ್ಛಮಾಡಿರಿ’ ಎಂದು ಹಾಳೆಯಲ್ಲಿ ಇರುತ್ತದೆ. ನಿಲ್ಲಿಸುವದೆಂದರೆ ಏನು? ಗುಂಡಿ ಒತ್ತಿ ಮೋಟಾರು ನಿಲ್ಲಿಸಿದರೂ ಪಕ್ಕದ ದೊಡ್ಡ ಗಾಲಿ ತನ್ನ ವೇಗದಿಂದ ತಿರುಗುತ್ತಲೇ ಇರುತ್ತದೆ. ಆ ಗಾಲಿಯಲ್ಲಿ ಕೂಡಿಟ್ಟ ಬಲ ಇನ್ನೊಂದು ಪೆಟ್ಟಿಗೆ ಸಾಕು. ಮೋಟಾರು ನಿಂತಿದೆ, ಶಬ್ದ ಇಲ್ಲ, ಯಂತ್ರ ಸತ್ತಿದೆ ಎಂದುಕೊಂಡು ಕೈ ಒಳಗೆ ಹಾಕುತ್ತಾರೆ. ಅಷ್ಟರಲ್ಲಿ ಪೆಡಲು ತಗಲುತ್ತದೆ. ‘ನಿಲ್ಲಿಸಿ’ ಎಂಬ ಒಂದು ಮಾತಿನಲ್ಲಿ ಮುಚ್ಚಿಹೋದ ಕೆಲಸಗಳನ್ನು ಬಿಡಿಸಿ ಬರೆಯಬೇಕು. ಒಂದು, ಮೋಟಾರು ನಿಲ್ಲಿಸಿರಿ. ಎರಡು, ಮುಖ್ಯ ಸ್ವಿಚ್ಚನ್ನು ಆರಿಸಿ ಕೀಲಿ ಹಾಕಿ, ಕೀಲಿಯನ್ನು ನಿಮ್ಮ ಕಿಸೆಯಲ್ಲಿ ಇಟ್ಟುಕೊಳ್ಳಿರಿ. ಮೂರು, ದೊಡ್ಡ ಗಾಲಿ ಪೂರ್ತಿ ನಿಲ್ಲುವ ತನಕ ಕಾಯಿರಿ. ನಾಲ್ಕು, ಮೇಲಿನ ಭಾಗ ಇಳಿಯದ ಹಾಗೆ ನಡುವೆ ಆಸರೆಯ ಕಟ್ಟೆ ಇಡಿರಿ. ಇಷ್ಟಾದ ಮೇಲೆ ಮಾತ್ರ ಅಚ್ಚಿಗೆ ಕೈ ಹಚ್ಚಿರಿ. ಒಂದು ಸಾಲಿಗೆ ಒಂದೇ ಕೆಲಸ. ನಾಲ್ಕು ಸಾಲು ಬರೆದು ಮುಗಿಸಿ ಪೆನ್ನು ಕೆಳಗಿಟ್ಟಾಗ, ಮುಖ ನೋಡದ ಯಾರದೋ ಹತ್ತು ಬೆರಳು ಎಣಿಸಿದ ಹಾಗೆ ನನಗೆ ಅನ್ನಿಸುತ್ತಿತ್ತು.

ಮಾತು ಅಂದ ಮೇಲೆ ಯಾರ ಮಾತು ಎಂಬದೂ ಬಂತು. ಕುಪವಾಡದ ಈ ಶೆಡ್ಡುಗಳಲ್ಲಿ ಅಥಣಿ, ಕಾಗವಾಡ, ರಾಯಬಾಗ, ವಿಜಯಪುರ, ಜತ್ತದ ಕಡೆಯ ಮಂದಿ ಇದ್ದಾರೆ. ಈಗ ಉತ್ತರದ ರಾಜ್ಯಗಳಿಂದ ಬಂದ ಹುಡುಗರೂ ಇದ್ದಾರೆ. ಮೇಸ್ತ್ರಿಯೊಂದಿಗೆ ಮರಾಠಿ, ಮನೆಯಲ್ಲಿ ಕನ್ನಡ, ಯಂತ್ರದ ಮೈಮೇಲೆ ಇಂಗ್ಲಿಷು. ಕೈ ಯಾವ ಭಾಷೆಯಲ್ಲಿ ಕೇಳುತ್ತದೆಂಬದು ಗಾಬರಿಯ ಹೊತ್ತಿನಲ್ಲಿ ಗೊತ್ತಾಗುತ್ತದೆ. ಬೆಂಕಿ ಎಂದು ಕೂಗಿದರೆ ಓಡುವವನು ಬೇರೆ ಭಾಷೆಯ ಮಾತಿಗೆ ಒಂದು ಕ್ಷಣ ನಿಂತು ಯೋಚಿಸುತ್ತಾನೆ.

ಕನ್ನಡದಲ್ಲಿ ಇಂಥ ಸಂಗತಿಗಳನ್ನು ಬರೆಯಲಾಗದು ಎನ್ನುವವರು ಹಿಂದೆಯೂ ಇದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಂದಿಗೆ 1918ರಲ್ಲಿಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತೆಗೆದು, ಬರೆಯಬಹುದೆಂದು ತೋರಿಸಿದರು. ಪತ್ರಿಕೆ ಎರಡೇ ವರ್ಷ ನಡೆಯಿತು, ಆದರೆ ದಾರಿ ತೆರೆಯಿತು. ಅದಕ್ಕೂ ಮೊದಲು ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲರು ಎಷ್ಟೋ ವರ್ಷ ಒಂದೊಂದೇ ಶಬ್ದ ಕೂಡಿಸಿ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಅಚ್ಚಾದ 1,700ಕ್ಕೂ ಹೆಚ್ಚು ಪುಟಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಮುಗಿಸಿದರು. ಶಬ್ದಕ್ಕೆ ಅರ್ಥ ಬರೆದು, ಮತ್ತೊಂದು ಶಬ್ದ, ಮತ್ತೊಂದು ಅರ್ಥ. ಇದಕ್ಕಿಂತ ಬೇಸರದ ಕೆಲಸ ಯಾವದು? ಆದರೂ ನೂರು ವರ್ಷ ದಾಟಿದ ಮೇಲೆಯೂ ಜನ ಅದನ್ನು ಬಿಚ್ಚುತ್ತಾರೆ. ಸಂತೋಷವಿಲ್ಲದೆ ಅಷ್ಟು ದೂರ ಯಾರೂ ನಡೆಯಲಾರರೆಂದು ನನಗೆ ತೋರುತ್ತದೆ.

ಹೊಸ ಶಬ್ದ ಹುಟ್ಟಿಸುವದೇ ದೊಡ್ಡಸ್ತಿಕೆಯಲ್ಲ. ಬೋಲ್ಟು, ವಾಲ್ವು, ಬೇರಿಂಗು ಎಂದು ನೀವು ಅನ್ನುತ್ತಿದ್ದರೆ ಹಾಗೇ ಬರೆಯಬೇಕು. ‘ಬಿಗಿ’, ‘ಸಡಿಲ’, ‘ಒರಟು’, ‘ನುಣುಪು’, ‘ಹದ’ ಎಂಬವು ನಮ್ಮ ಮನೆಯ ಮಾತುಗಳು, ಕಬ್ಬಿಣಕ್ಕೂ ಸಲ್ಲುತ್ತವೆ. ಎಡಕ್ಕೆ ತಿರುಗಿಸಿರಿ ಎಂದರೆ ಸಾಲದು, ಎಲ್ಲಿ ನಿಂತು ನೋಡಿದಾಗ ಎಡ ಎಂದು ಹೇಳಬೇಕು. ಗಡಿಯಾರದ ಮುಳ್ಳು ತಿರುಗುವ ಕಡೆಗೆ ಎಂದರೆ ಬಾಣದ ಚಿತ್ರವನ್ನೂ ಪಕ್ಕಕ್ಕೆ ಬರೆಯಬೇಕು. ಇಂಥ ಸಣ್ಣ ಸಣ್ಣ ಗಂಟುಗಳನ್ನು ಬಿಚ್ಚುವದರಲ್ಲಿ ಹೊತ್ತು ಹೋದದ್ದೇ ತಿಳಿಯುವದಿಲ್ಲ.

ಮೂರನೆಯ ಸಂತೋಷ: ಕಾಣದ ನೆರೆಯವನು

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ನೀವು ಎಂದೂ ನೋಡದ ಒಬ್ಬನನ್ನು ನೋಡಿಕೊಳ್ಳುವ ಸಂತೋಷ.

ಉತ್ತರ ಪ್ರದೇಶದಲ್ಲಿಯೋ ಒಡಿಶಾದಲ್ಲಿಯೋ ಮಾಡಿದ ಕೀಟನಾಶಕದ ಡಬ್ಬಿ ತಾಸಗಾವದ ದ್ರಾಕ್ಷಿ ತೋಟಕ್ಕೆ ಬರಬಹುದು, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಕ್ಕೂ ಹೋಗಬಹುದು. ನಮ್ಮ ಮನೆಯ ಹೆಣ್ಣುಮಕ್ಕಳು ಎಷ್ಟೋ ಮಂದಿ ಅಂಥ ತೋಟಗಳಲ್ಲಿ ಕೂಲಿಗೆ ಹೋಗುತ್ತಾರೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಂತ ಒಂದು ಚೌಕವಿರುತ್ತದೆ, ಎರಡು ತ್ರಿಕೋನಗಳಾಗಿ ಮಾಡಿದ್ದು. ಕೆಳಗಿನ ತ್ರಿಕೋನದ ಬಣ್ಣ ನೋಡಿರಿ. ಕೆಂಪು ಎಂದರೆ ಅತ್ಯಂತ ಘೋರ ವಿಷ, ಹಳದಿ ಎಂದರೆ ಹೆಚ್ಚಿನ ವಿಷ, ನೀಲಿ ಎಂದರೆ ಮಧ್ಯಮ, ಹಸಿರು ಎಂದರೆ ಕಡಿಮೆ ವಿಷ. ಹಸಿರು ಕಂಡು ಇದು ವಿಷವೇ ಅಲ್ಲವೆಂದು ತಿಳಿಯಬೇಡಿರಿ. ಕಡಿಮೆ ಎಂದಷ್ಟೇ ಅದರ ಅರ್ಥ. ಕೆಂಪಿನ ಮೇಲಿನ ತ್ರಿಕೋನದಲ್ಲಿ ತಲೆಬುರುಡೆಯೂ ಎಲುಬುಗಳೂ ಇರುತ್ತವೆ. ಒಳಗಿನ ಚೀಟಿ ಹಿಂದಿ, ಇಂಗ್ಲಿಷುಗಳಲ್ಲದೆ ಪ್ರಾದೇಶಿಕ ಭಾಷೆಯಲ್ಲಿಯೂ ಇರಬೇಕೆಂದು ಅದೇ ನಿಯಮಗಳು ಹೇಳುತ್ತವೆ. ಓದಲು ಬಾರದ ತಾಯಿ ಡಬ್ಬಿಯನ್ನು ಎತ್ತಿಕೊಳ್ಳುವಳೆಂದು ಯಾರೋ ಒಬ್ಬರು ಮುಂಚಿತವಾಗಿ ಯೋಚಿಸಿದ್ದರಿಂದಲೇ ಅಲ್ಲಿ ಬಣ್ಣ ಬಂತು. ಅಕ್ಷರ ಬಾರದವರಿಗೂ ಬರೆಯುವದು ಈ ಕೆಲಸದ ಒಂದು ಭಾಗ.

1971ರಲ್ಲಿ ಬಾಂಗ್ಲಾ ಯುದ್ಧದ ಕಾಲಕ್ಕೆ ಗಡಿಯ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ನರದೊಳಗೆ ಹಾಕುವ ಸಲೈನು ಸಾಲಲಿಲ್ಲ. ಡಾಕ್ಟರ್ ದಿಲೀಪ ಮಹಾಲನೋಬಿಸರೂ ಅವರ ಸಂಗಡಿಗರೂ ಗ್ಲೂಕೋಸ್, ಅಡಿಗೆಯ ಉಪ್ಪು, ಅಡಿಗೆಯ ಸೋಡಾ ಇವನ್ನು ಅಳೆದು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿಸಿ, ಬಿಸಿ ಇಸ್ತ್ರಿಯಿಂದ ಬಾಯಿ ಮುಚ್ಚಿಸಿ, ವಿವರದ ಚೀಟಿ ಹಚ್ಚಿ ಕಳುಹಿಸಿದರು. ನೀರಿನಲ್ಲಿ ಕರಗಿಸಿ ರೋಗಿಗೆ ಕುಡಿಸುವದನ್ನು ಮನೆಯವರೇ ಮಾಡಬಹುದಾಯಿತು. ಅಲ್ಲಿ ಸಾವಿನ ಪ್ರಮಾಣ ನೂರಕ್ಕೆ 30ರ ಸುಮಾರಿನಿಂದ 3.6ಕ್ಕೆ ಇಳಿಯಿತು. ಔಷಧವಂತೂ ದೊಡ್ಡದು. ಆದರೆ ಅಳತೆ ಹೇಳದ ಔಷಧದಿಂದ ಏನಾಗುತ್ತಿತ್ತು? ನಮ್ಮ ಮನೆಗಳಿಗೆ ಬರುವ ಓ.ಆರ್.ಎಸ್. ಪೊಟ್ಟಣದ ಮೇಲೂ ಇದೇ ಪರೀಕ್ಷೆ ಇದೆ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿಲಿಲೀಟರಿಗೆ. ದೊಡ್ಡದನ್ನು ಒಂದು ಲೋಟದಲ್ಲಿ ಕಲಸಿದರೆ ಉಪ್ಪು ಅತಿಯಾಗಿ ಕೂಸಿಗೆ ಅಪಾಯ. ಆದದರಿಂದ ಪೊಟ್ಟಣ ಹರಿಯುವ ಮೊದಲು ಅಳತೆಯ ಸಾಲನ್ನು ಓದಿರಿ, ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿರಿ.

ತಿಳಿಸದಿದ್ದರೆ

ಇನ್ನೊಂದು ಕಡೆಯನ್ನೂ ಹೇಳದೆ ಹೋದರೆ ಈ ಮಾತು ಅರ್ಧವಾಗುತ್ತದೆ. 1984ರ ಡಿಸೆಂಬರ್ 2ರ ರಾತ್ರಿ, 3ರ ಬೆಳಗಿನ ಜಾವದೊಳಗೆ, ಭೋಪಾಳದ ಕೀಟನಾಶಕ ಕಾರಖಾನೆಯಿಂದ ವಿಷಾನಿಲ ಹೊರಟು ಸಾವಿರಾರು ಜನ ಸತ್ತರು. ಕಾರಣಗಳು ಹಲವು: ಕೆಟ್ಟು ನಿಂತ ಸುರಕ್ಷಾ ಯಂತ್ರಗಳು, ಖರ್ಚಿನ ಕಡಿತ, ನಿರ್ಲಕ್ಷ್ಯ. ಅವುಗಳ ನಡುವೆ ಇನ್ನೊಂದು ಸಂಗತಿಯೂ ಬಳಿಕ ಬಂದ ಬರಹಗಳಲ್ಲಿ ದಾಖಲಾಗಿದೆ. ಅಲ್ಲಿಯ ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು, ಕೆಲಸಗಾರರಲ್ಲಿ ಬಹು ಮಂದಿಗೆ ಆ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಸುತ್ತಲಿನ ಬಸ್ತಿಗಳ ಜನರಿಗಂತೂ ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಯಾರೂ ಮೊದಲೇ ಹೇಳಿರಲಿಲ್ಲ. ಒದ್ದೆ ಬಟ್ಟೆಯಿಂದ ಮುಖ ಮುಚ್ಚಿಕೊಂಡರೆ ಸ್ವಲ್ಪ ರಕ್ಷಣೆ ಆಗುತ್ತಿತ್ತು. ಒಂದು ಸಾಲಿನ ಮಾತು. ಅದು ಯಾವ ಗೋಡೆಯ ಮೇಲೂ ಇರಲಿಲ್ಲ.

ನಮ್ಮ ದೇಶದ 1948ರ ಕಾರಖಾನೆ ಕಾಯಿದೆಯ 108ನೆಯ ಕಲಮು, ಕಾಯಿದೆಯ ಪ್ರಕಾರ ಹಚ್ಚಬೇಕಾದ ಸೂಚನೆಗಳು ಇಂಗ್ಲಿಷಿನಲ್ಲಿಯೂ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕು, ಮುಖ್ಯ ಬಾಗಿಲ ಹತ್ತಿರ ಎದ್ದು ಕಾಣುವಲ್ಲಿ ಇರಬೇಕು, ಸ್ವಚ್ಛವಾಗಿ ಓದಲು ಬರುವ ಹಾಗೆ ಇರಬೇಕು ಎಂದು ವಿಧಿಸಿತ್ತು. ಭೋಪಾಳದ ಬಳಿಕ, 1987ರ ತಿದ್ದುಪಡಿಯಿಂದ, ತನ್ನ ಆರೋಗ್ಯ ಮತ್ತು ಸುರಕ್ಷತೆಯ ವಿಷಯವಾಗಿ ಮಾಹಿತಿ ಕೇಳುವ ಹಕ್ಕನ್ನು ಕೆಲಸಗಾರನಿಗೆ ಕೊಡಲಾಯಿತು. ಆ ಕಾಯಿದೆಯ ಜಾಗಕ್ಕೆ 2020ರ ಹೊಸ ಸಂಹಿತೆ ಬಂದು 2025ರ ನವೆಂಬರಿನಿಂದ ಜಾರಿಯಾಗಿದೆ. ಕಾಯಿದೆಯ ಹೆಸರು ಬದಲಾಗಬಹುದು. ತಿಳಿಯುವ ಮಾತಿನಲ್ಲಿ ತಿಳಿಸಬೇಕೆಂಬ ಕಾರಣ ಬದಲಾಗುವದಿಲ್ಲ, ಯಾಕಂದರೆ ಕೈ ಅದೇ, ಯಂತ್ರ ಅದೇ.

ನೀವು ಮಾಡಬಹುದಾದದ್ದು

ಕಡೆಗೆ ಕೆಲವು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದಾಗಿ, ನಿಮ್ಮ ಯಂತ್ರದ ಪಕ್ಕದ ಹಾಳೆಯನ್ನು ನಾಳೆ ಒಮ್ಮೆ ಪೂರ್ತಿ ಓದಿರಿ. ನಾಲ್ಕು ಪ್ರಶ್ನೆ ಕೇಳಿರಿ. ಎಚ್ಚರಿಕೆ ಕೆಲಸಕ್ಕಿಂತ ಮೊದಲು ಇದೆಯೇ? ಒಂದು ಸಾಲಿನಲ್ಲಿ ಒಂದೇ ಕೆಲಸ ಇದೆಯೇ? ಒಂದು ವಸ್ತುವಿಗೆ ಒಂದೇ ಹೆಸರು ಇದೆಯೇ? ನಿನ್ನೆ ಸೇರಿದ ಹುಡುಗನಿಗೆ ಇದು ತಿಳಿಯುವದೇ? ಇಲ್ಲವಾದರೆ ಮೇಸ್ತ್ರಿಗೆ ಹೇಳಿರಿ, ಯೂನಿಯನ್ನಿನಲ್ಲಿ ಹೇಳಿರಿ, ಸುರಕ್ಷಾ ಸಮಿತಿ ಇದ್ದರೆ ಅಲ್ಲಿ ಹೇಳಿರಿ. ನಮ್ಮ ಭಾಷೆಯಲ್ಲಿಯೂ ಒಂದು ಹಾಳೆ ಬೇಕೆಂದು ಕೇಳುವದರಲ್ಲಿ ನಾಚಿಕೆ ಏನೂ ಇಲ್ಲ.

ಎರಡನೆಯದಾಗಿ, ಹಿರಿಯರೇ, ನಿಮ್ಮ ಕೈಯಲ್ಲಿ ಇರುವದನ್ನು ಕಾಗದಕ್ಕೆ ಇಳಿಸಿರಿ. ಬೇರಿಂಗು ಕೆಡುವ ಮೊದಲು ಶಬ್ದ ಹೇಗೆ ಬದಲಾಗುತ್ತದೆ, ಎರಕದ ಮರಳಿನ ಹದ ಮುಷ್ಟಿಯಲ್ಲಿ ಹೇಗೆ ತಿಳಿಯುತ್ತದೆ ಎಂಬದು ಯಾವ ಪುಸ್ತಿಕೆಯಲ್ಲಿಯೂ ಪೂರ್ತಿ ಇಲ್ಲ. ನೀವು ನಿವೃತ್ತರಾಗಿ ಊರಿಗೆ ಹೋದ ದಿನ ಅದೂ ನಿಮ್ಮ ಸಂಗಡ ಬಸ್ಸು ಹತ್ತುತ್ತದೆ. ಬರೆಯಲು ಬಾರದಿದ್ದರೆ ಹೇಳಿರಿ, ಮಕ್ಕಳು ಬರೆದುಕೊಳ್ಳಲಿ. ಈಗ ಎಲ್ಲರ ಕೈಯಲ್ಲಿ ಮೊಬೈಲು ಇದೆ, ನಿಮ್ಮ ಮಾತನ್ನೇ ಅದರಲ್ಲಿ ಹಿಡಿದಿಟ್ಟು ಬಳಿಕ ಬರೆಯಬಹುದು.

ಮೂರನೆಯದಾಗಿ, ಶಾಲೆಗೆ ಹೋಗುವ ಮಕ್ಕಳೇ, ಬರೆಯುವವರೆಂದರೆ ಕವಿಗಳು, ಕಥೆಗಾರರು ಮಾತ್ರವೆಂದು ತಿಳಿಯಬೇಡಿರಿ. ಅಜ್ಜಿಯ ಗುಳಿಗೆಯನ್ನು ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು, ಊಟದ ಮೊದಲೋ ಮೇಲೋ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಸೂರ್ಯನನ್ನೂ ಚಂದ್ರನನ್ನೂ ಚಿತ್ರಿಸಿ ಗೋಡೆಗೆ ಹಚ್ಚಿರಿ. ಮೀರಜಿನ ಆಸ್ಪತ್ರೆಯಿಂದ ತಂದ ಚೀಟಿಯನ್ನು ನೋಡಿ ಸರಿಯಾಗಿ ಬರೆದಿರಾ ಎಂದು ಎರಡು ಸಲ ತಾಳೆ ನೋಡಿರಿ. ಅಷ್ಟು ಮಾಡಿದರೆ ನೀವೂ ತಾಂತ್ರಿಕ ಬರಹಗಾರರೇ. ಅಜ್ಜಿ ತಾನಾಗಿಯೇ ಗೋಡೆ ನೋಡಿ ಸರಿಯಾದ ಗುಳಿಗೆ ತೆಗೆದುಕೊಂಡ ದಿನ ನಿಮ್ಮ ಮನಸ್ಸಿಗೆ ಏನನ್ನಿಸುತ್ತದೆ ನೋಡಿಕೊಳ್ಳಿರಿ. ನಾನು ಹೇಳುವ ಸಂತೋಷ ಅದೇ.

ಸಹೋದರ ಸಹೋದರಿಯರೇ, ನಾವು ಮಾಡುವ ಕೆಲಸಗಳಲ್ಲಿ ಹೆಚ್ಚಿನವು ಬೇಸರದವೇ. ಒಂದೇ ಗುಂಡಿ ದಿನಕ್ಕೆ ಸಾವಿರ ಸಲ, ಒಂದೇ ಸಾಲು ನಾಲ್ವತ್ತು ಹಾಳೆಯಲ್ಲಿ. ಬೇಸರದ ಕೆಲಸವನ್ನು ದೊಡ್ಡ ಮಾತಿನಿಂದ ಸಿಹಿಮಾಡಲಿಕ್ಕೆ ನಾನು ಬರಲಿಲ್ಲ. ಆ ಕೆಲಸದ ಆಚೆ ಕಡೆಯಲ್ಲಿ ಒಬ್ಬ ಮನುಷ್ಯನಿದ್ದಾನೆಂದು ನೆನಪಿದ್ದರೆ ಅದೇ ಕೆಲಸ ಬೇರೆಯಾಗಿ ಕಾಣುತ್ತದೆ ಎಂಬದನ್ನು ಮಾತ್ರ ಹೇಳಿದ್ದೇನೆ. ಅವನು ನಮ್ಮನ್ನು ಕಾಣನು, ನಾವು ಅವನನ್ನು ಕಾಣೆವು. ನಾವು ಸರಿಯಾಗಿ ಬರೆದಿದ್ದರೆ, ಸರಿಯಾಗಿ ಓದಿದ್ದರೆ, ಸಂಜೆ ಪಾಳಿ ಮುಗಿಸಿ ಅವನು ಎರಡೂ ಕೈ ಬೀಸಿಕೊಂಡು ಮನೆಗೆ ಹೋಗುತ್ತಾನೆ.